ಸಾಹುಕಾರರ ಗೇಟು, ಅಕ್ಕನ ಕಲ್ಲು

ಗೇಟು ರಿಪೇರಿಗೆ ಕರೆಯುವವರಲ್ಲಿ ಒಳ್ಳೆಯವರೇ ಇಲ್ಲ ಅಂತ ನಾನು ಹೇಳುವುದಿಲ್ಲ. ನನಗೆ ಸಿಕ್ಕಿಲ್ಲ, ಅಷ್ಟೆ. ಫೋನ್ ಎತ್ತಿದ ಕೂಡಲೇ ನಮಸ್ಕಾರವಿಲ್ಲ, ಊಟ ಆಯಿತಾ ಇಲ್ಲ, ನಿನ್ನ ಗೇಟು ಕೆಟ್ಟಿದೆ ಅಂತಲೇ ಶುರು. ನನ್ನ ಗೇಟಂತೆ! ಮೋಟರ್ ಮಾರಿದವನು ಮೈಸೂರಿನವನು, ಕೂರಿಸಿದವನು ಇನ್ನೆಲ್ಲಿಯವನೋ, ಬೇಕು ಅಂತ ತಂದು ಹಾಕಿಸಿಕೊಂಡವರು ಅವರು. ಕೆಟ್ಟ ದಿನ ಮಾತ್ರ ಅದು ನನ್ನದು. ಬಟನ್ ಒತ್ತಿದರೆ ತಾನೇ ತೆರೆದು ತಾನೇ ಮುಚ್ಚುವ ಗೇಟುಗಳು ಕೊಡಗಿನಲ್ಲಿ ಹೆಚ್ಚಾದಾಗಿನಿಂದ ಕುಶಾಲನಗರದಿಂದ ಶ್ರೀಮಂಗಲದವರೆಗೆ ಬೈಕಿನಲ್ಲಿ ಓಡಾಡಿ ಇವರ ಕೈಲಿ ಬೈಸಿಕೊಂಡಿದ್ದೇನೆ.

ಅದರಲ್ಲೂ ಬೆಟ್ಟದ ಮನೆಗಳ ಗೇಟು ಅಂದರೆ ಬೇರೆಯೇ ಹಿಂಸೆ. ಬಯಲುಸೀಮೆಯಲ್ಲಿ ಎರಡು ಬಾಗಿಲು ಒಳಕ್ಕೆ ತೆರೆದುಕೊಂಡರೆ ಮುಗಿಯಿತು. ಇಲ್ಲಿ ಗೇಟು ದಾಟಿ ಒಂದು ಹೆಜ್ಜೆ ಇಟ್ಟರೆ ಏರು ಶುರು, ಒಳಕ್ಕೆ ತೆರೆದ ಬಾಗಿಲು ನೆಲಕ್ಕೆ ತಾಗಿ ನಿಂತುಬಿಡುತ್ತದೆ. ಅದಕ್ಕೇ ನೆಲದಲ್ಲಿ ಹಳಿ ಕೂರಿಸಿ, ಅದರ ಮೇಲೆ ಪಕ್ಕಕ್ಕೆ ಸರಿಯುವ ಗೇಟು ಮಾಡಿಸುತ್ತಾರೆ. ಮಳೆಗಾಲದಲ್ಲಿ ಆ ಹಳಿ ತುಂಬ ಕೆಸರು, ಬೇಸಿಗೆಯಲ್ಲಿ ಸಿಲ್ವರ್ ಓಕ್ ಎಲೆ. ಮೋಟರಿನ ಪೆಟ್ಟಿಗೆ ಬಿಚ್ಚಿದರೆ ಇರುವೆ ಗೂಡು, ಹಲ್ಲಿ ಮೊಟ್ಟೆ, ಒಂದು ಮನೆಯಲ್ಲಂತೂ ಬೆಚ್ಚಗೆ ಸುತ್ತಿಕೊಂಡು ಮಲಗಿದ್ದ ಹಾವು. ಹಳೇ ಮನೆಯಾದರೆ ಕಂಬ ವಾಲಿರುತ್ತದೆ, ಅಜ್ಜನ ಕಾಲದ ಕಬ್ಬಿಣದ ಗೇಟಿಗೆ ಮುಷ್ಟಿಯಷ್ಟು ಮೋಟರ್ ಕಟ್ಟಿ ಓಡು ಅಂದಿರುತ್ತಾರೆ. ಅದೆಲ್ಲಿಂದ ಓಡೀತು? ಆದರೆ ಇದನ್ನೆಲ್ಲ ಬಾಯಿಬಿಟ್ಟು ಹೇಳಿದರೆ ಕೆಲಸ ಬರದವನು ನೆಪ ಹೇಳುತ್ತಾನೆ ಅನ್ನುತ್ತಾರೆ.

ನಾನು ಹೇಳಹೊರಟಿರುವ ಗೇಟು ಸಿದ್ದಾಪುರದಿಂದ ಸ್ವಲ್ಪ ದೂರ, ಎಸ್ಟೇಟುಗಳ ನಡುವೆ ಹೋಗುವ ರಸ್ತೆಯಲ್ಲಿದೆ. ಗುಡ್ಡದ ಮೇಲೆ ಹಂಚಿನ ಹಳೇ ಬಂಗಲೆ, ಕೆಳಗೆ ರಸ್ತೆಗೆ ಅಂಟಿಕೊಂಡೇ ಗೇಟು. ಬಂಗಲೆಯನ್ನೂ ಸುತ್ತಲಿನ ತೋಟವನ್ನೂ ಹೊರಗಿನಿಂದ ಬಂದ ಒಬ್ಬರು ಕೊಂಡಿದ್ದರು. ಇಲ್ಲಿ ತೋಟದ ಯಜಮಾನ ಯಾರೇ ಆದರೂ ಸಾಹುಕಾರರು ಅಂತಲೇ ಕರೆಯುವುದರಿಂದ ಅವರೂ ಬಂದ ವಾರದಲ್ಲೇ ಸಾಹುಕಾರರಾದರು. ಮೊದಲ ವರ್ಷವೇ ತೋಟದಲ್ಲಿ ಕಾಳುಮೆಣಸು ಕಳುವಾಯಿತು. ಅಲ್ಲಿಂದ ಅವರಿಗೆ ರಸ್ತೆಯಲ್ಲಿ ನಡೆದುಹೋಗುವ ಪ್ರತಿಯೊಬ್ಬರೂ ಕಳ್ಳರಾಗಿ ಕಂಡರು. ಮೋಟರ್ ಹಾಕಿಸಿದರು, ಅದರ ರಿಪೇರಿಗೆ ನನ್ನನ್ನು ಗೊತ್ತುಮಾಡಿಕೊಂಡರು. ಕಾರು ದಾಟಿ ಇಪ್ಪತ್ತು ಸೆಕೆಂಡಿಗೆ ಗೇಟು ತಾನಾಗಿ ಮುಚ್ಚಬೇಕು, ಹಗಲೂ ರಾತ್ರಿಯೂ ಮುಚ್ಚೇ ಇರಬೇಕು ಅಂತ ಅವರ ಅಪ್ಪಣೆ.

ಆ ರಸ್ತೆಯನ್ನು ಬಲ್ಲವರು ಯಾರೂ ಹಾಗೆ ಮಾಡುತ್ತಿರಲಿಲ್ಲ. ಗೇಟಿನ ಈಚೆಗೂ ಆಚೆಗೂ ಅರ್ಧ ಮೈಲಿ ಒಂದು ಕಡೆ ಎತ್ತರದ ಬರೆ, ಅಂದರೆ ಗುಡ್ಡ ಕಡಿದು ಬಿಟ್ಟ ನೆಟ್ಟನೆ ಮಣ್ಣಿನ ಗೋಡೆ. ಇನ್ನೊಂದು ಕಡೆ ತೋಟದ, ಮುಟ್ಟಿದರೆ ಶಾಕ್ ಹೊಡೆಯುವ ಸೋಲಾರ್ ತಂತಿ ಬೇಲಿ. ರಾತ್ರಿಯೆಲ್ಲ ತೋಟಗಳಲ್ಲಿ ಮೇದ ಆನೆಗಳು ಬೆಳಗ್ಗೆ ಕಾಡಿಗೆ ವಾಪಸ್ಸು ಹೋಗುವುದು ಇದೇ ರಸ್ತೆಯಲ್ಲಿ, ಹೆಂಗಸರು ಪಿಕಿಂಗಿಗೆ, ಅಂದರೆ ಕಾಫಿ ಹಣ್ಣು ಬಿಡಿಸಲು ಹೋಗುವುದೂ ಇದೇ ಹೊತ್ತಿಗೆ ಇದೇ ರಸ್ತೆಯಲ್ಲಿ. ಎದುರಾದರೆ ಓಡಿ ನುಗ್ಗಲು ಇದ್ದದ್ದು ಈ ಗೇಟೊಂದೇ. ಒಳಗೆ ನುಗ್ಗಿ ಗೇಟು ಎಳೆದುಕೊಂಡರೆ ಆನೆ ಸಾಮಾನ್ಯವಾಗಿ ತನ್ನ ಪಾಡಿಗೆ ಹೋಗುತ್ತದೆ. ಹಾಗಾಗಿ ಬೆಳಗ್ಗೆ ಏಳರಿಂದ ಕೆಲಸದವರೆಲ್ಲ ದಾಟುವ ತನಕ ಈ ಗೇಟು ತೆರೆದಿರಬೇಕು ಅನ್ನುವುದು ಯಾರೂ ಬರೆದಿಡದೆ ನಡೆದುಬಂದಿದ್ದ ಪದ್ಧತಿ. ಹಳೇ ಸಾಹುಕಾರರು ಎದ್ದು ಕಾಫಿ ಕುಡಿಯುವ ಮುಂಚೆ ತಾವೇ ಇಳಿದುಬಂದು ಗೇಟು ತೆಗೆದು ಹೋಗುತ್ತಿದ್ದರು.

ಇದೆಲ್ಲ ನನಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ. ನಾವು ಮೂಲ ಸೋಮವಾರಪೇಟೆ ಕಡೆಯವರು. ಅಪ್ಪ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸ ಸಿಕ್ಕಿ ಈ ಕಡೆ ಇಳಿದುಬಂದ, ನಾವು ಇಲ್ಲೇ ಬೆಳೆದೆವು. ಸ್ಕೂಲಿಗೆ ಹೋಗುವಾಗ ಎರಡು ಸಲ ನಾನೇ ಆ ಗೇಟಿನೊಳಗೆ ಓಡಿದ್ದೇನೆ, ಒಂದು ಸಲ ಅಕ್ಕ ನನ್ನ ಕುತ್ತಿಗೆ ಪಟ್ಟಿ ಹಿಡಿದು ಎಳೆದುಕೊಂಡು. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಪಿಕಿಂಗಿಗೆ ಹೋಗುತ್ತಾಳೆ. ಈಗಲೂ ದಿನಾ ಬೆಳಗ್ಗೆ ಇನ್ನು ಮೂವರು ಹೆಂಗಸರ ಜೊತೆ ಆ ರಸ್ತೆಯಲ್ಲೇ ನಡೆಯುತ್ತಾಳೆ, ಅಂದರೆ ನಡೆಯುತ್ತಿದ್ದಳು. ಅವಳ ನಾಲಿಗೆಯ ಬಗ್ಗೆ ಊರಿಗೇ ಗೊತ್ತು.

ಹೋದ ಪಿಕಿಂಗ್ ಸೀಸನ್ ಶುರುವಾದ ವಾರ ಸಾಹುಕಾರರು ಫೋನ್ ಮಾಡಿದರು. ಗೇಟು ಅರ್ಧ ಮುಚ್ಚಿ ಮತ್ತೆ ಹಿಂದೆ ಹೋಗುತ್ತದೆ, ಮೂರು ದಿನದಿಂದ ಬೆಳಗ್ಗೆಯೆಲ್ಲ ತೆರೆದೇ ಬಿದ್ದಿದೆ ಅಂದರು. ಹೋಗಿ ನೋಡಿದೆ. ಹಳಿಯ ಮೇಲೆ ತೆಂಗಿನಕಾಯಿ ಗಾತ್ರದ ಕಲ್ಲು. ಉರುಳಿಬಂದದ್ದಲ್ಲ, ಅಲುಗಾಡದ ಹಾಗೆ ಅಡಿಯಲ್ಲಿ ಕಲ್ಲುಚಕ್ಕೆ ಕೊಟ್ಟು ಇಟ್ಟದ್ದು. ಗೇಟು ಬಂದು ಕಲ್ಲಿಗೆ ತಾಗುತ್ತದೆ. ಅಡ್ಡ ಏನೋ ಇದೆ ಅಂತ ಮೋಟರಿಗೆ ತಿಳಿಯುತ್ತದೆ, ಹಿಂದೆ ಸರಿಯುತ್ತದೆ. ಮಕ್ಕಳೋ ನಾಯಿಯೋ ಸಿಕ್ಕಿಕೊಳ್ಳದಿರಲಿ ಅಂತ ಮಾಡಿಟ್ಟಿರುವ ಏರ್ಪಾಡು ಅದು. ಅದನ್ನು ತಿಳಿದೇ ಯಾರೋ ಕಲ್ಲಿಟ್ಟಿದ್ದರು. ಸಾಹುಕಾರರು ಕಲ್ಲು ನೋಡಿ ಕೆಂಪಗಾದರು. ನೀನು ಸರಿಯಾಗಿ ರಿಪೇರಿ ಮಾಡಿದ್ದರೆ ಒಂದು ಕಲ್ಲಿಗೆ ಹೆದರಿ ಹಿಂದೆ ಹೋಗುತ್ತಿತ್ತಾ ಅಂತ ನನ್ನ ಮೇಲೇ ಹರಿಹಾಯ್ದರು.

ಬೆಳಗ್ಗೆ ಎರಡು ಗಂಟೆ ಹೊತ್ತು ಗೇಟು ತೆರೆದಿರಲಿ, ಅದಕ್ಕೆ ಬೇಕಾದ ಹಾಗೆ ಟೈಮರ್ ಹಾಕಿಕೊಡುತ್ತೇನೆ, ಕೆಲಸಕ್ಕೆ ನಡೆದು ಹೋಗುವವರಿಗೆ ಇಲ್ಲಿ ಆನೆ ಕಾಟ ಇದೆ ಅಂದೆ. ಹೇಳಿದ್ದು ನಿಜ, ಆದರೆ ನೆಲ ನೋಡಿಕೊಂಡು ಹೇಳಿದೆ. ಅವರು ನಕ್ಕರು. ಆನೆ ಬಂದರೆ ಅವರೆಲ್ಲ ಅದನ್ನೂ ಕರೆದುಕೊಂಡು ನನ್ನ ಅಂಗಳಕ್ಕೆ ಬರಲಿ ಅಂತೀಯಾ, ಅಂದರು. ನಾನು ಎರಡನೇ ಸಲ ಹೇಳಲಿಲ್ಲ. ಅವರಿಗೆ ಇನ್ನೂ ಎರಡು ಮನೆಗಳಿದ್ದವು, ಅವರ ಸ್ನೇಹಿತರಿಗೆ ಹತ್ತು ಗೇಟುಗಳಿದ್ದವು. ಇಷ್ಟು ಹೇಳಿದರೆ ಸಾಕು.

ಕಲ್ಲು ಇಟ್ಟವರು ಯಾರು ಅಂತ ಹುಡುಕಬೇಕಾಗಿಯೇ ಇರಲಿಲ್ಲ. ಅವತ್ತು ಸಂಜೆ ಅಕ್ಕನ ಮನೆಗೆ ಹೋದರೆ ಅವಳೇ ಹೇಳಿದಳು, ಅದೂ ಹೆಮ್ಮೆಯಿಂದ. ದಿನಾ ಹೋಗುವಾಗ, ಸಾಹುಕಾರರ ಕಾರು ದಾಟಿ ಗೇಟು ಮುಚ್ಚುವುದರೊಳಗೆ ಇಡುತ್ತೇನೆ, ಬರುವಾಗ ತೆಗೆಯುತ್ತೇನೆ ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಮಾಡಿದ ಕೆಲಸವನ್ನು ಹಾಳು ಮಾಡುತ್ತಿರುವುದು ನನ್ನ ಒಡಹುಟ್ಟಿದವಳೇ! ನಿನ್ನಿಂದ ನಾನು ಊರೆಲ್ಲ ಮುಖ ಮುಚ್ಚಿಕೊಂಡು ಓಡಾಡಬೇಕಾ ಅಂತ ಕೂಗಾಡಿದೆ. ಅವಳು ಒಲೆ ಊದುತ್ತಿದ್ದವಳು ತಿರುಗಿಯೂ ನೋಡದೆ, ನೀನು ಬೈಕಿನ ಮೇಲೆ ಹೋಗೋನು ಕಣ್ಲಾ, ನಡೆಯೋರ ಕಷ್ಟ ನಿನಗೆ ಹೆಂಗೆ ಗೊತ್ತಾಗಬೇಕು ಅಂದಳು. ಅದು ಎಲ್ಲಿ ನಾಟಬೇಕೋ ಅಲ್ಲೇ ನಾಟಿತು. ಅದಕ್ಕೇ ಇನ್ನೂ ಜೋರಾಗಿ ಕೂಗಿದೆ.

ಮಾರನೇ ದಿನ ಹೋಗಿ ಮೋಟರಿನ ಬಲ ಏರಿಸಿದೆ. ಪೆಟ್ಟಿಗೆಯೊಳಗೆ ಅದಕ್ಕೊಂದು ಸಣ್ಣ ತಿರುಪು ಇರುತ್ತದೆ. ಎಷ್ಟು ತಿರುಗಿಸಿದರೆ ಅಷ್ಟು ಜೋರಾಗಿ ತಳ್ಳುತ್ತದೆ, ಅಡ್ಡ ಬಂದದ್ದಕ್ಕೆ ಅಷ್ಟು ಕಡಿಮೆ ಹೆದರುತ್ತದೆ. ಏರಿನ ಮನೆಗಳಲ್ಲಿ ಅದನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸುವುದು ಇದೆ. ನಾನು ಕೊನೆಯವರೆಗೆ ತಿರುಗಿಸಿದೆ. ಬೇಕಂತಲೇ ಹಳಿಯ ಮೇಲೆ ಅದೇ ಕಲ್ಲಿಟ್ಟು ಗೇಟು ಬಿಟ್ಟೆ. ಕಲ್ಲು ಕರಕರ ಅಂದು ಹಳಿಯಿಂದಾಚೆ ಚಿಮ್ಮಿತು, ಗೇಟು ಹೋಗಿ ಕಂಬಕ್ಕೆ ಢಬ್ ಅಂತ ಕೂತಿತು. ಸಾಹುಕಾರರು ಶಭಾಷ್ ಅಂದರು. ಅಕ್ಕನಿಗೆ ಫೋನ್ ಮಾಡಿ, ಇನ್ನು ಬಂಡೆ ತಂದಿಟ್ಟುಕೋ ಅಂದೆ. ಎಷ್ಟು ಖುಷಿಯಾಗಿತ್ತು ಅಂದರೆ ದಾರಿಯಲ್ಲಿ ಹೋಟೆಲ್ಲಿಗೆ ನುಗ್ಗಿ ಎರಡು ಪ್ಲೇಟ್ ಪರೋಟ ತಿಂದೆ.

ಒಂದು ವಾರ ಸುಮ್ಮನಿತ್ತು. ಆಮೇಲೆ ಮತ್ತೆ ಫೋನ್. ಗೇಟು ಬೆಳಗ್ಗೆ ಮುಚ್ಚುವುದೇ ಇಲ್ಲ, ನೀನು ಏನು ಮಾಡಿಟ್ಟು ಹೋಗಿದ್ದೀಯ ಅಂತ. ಈ ಸಲ ಹಳಿ ತೊಳೆದಿಟ್ಟ ಹಾಗಿತ್ತು. ಕಂಬದ ಮೇಲಿನ ಸೆನ್ಸರಿಗೆ ಸಗಣಿ ಮೆತ್ತಿದ್ದರು. ಗೇಟಿನ ಎರಡೂ ಬದಿ ಕಂಬಗಳಲ್ಲಿ ಮೊಣಕಾಲೆತ್ತರಕ್ಕೆ ಒಂದೊಂದು ಸೆನ್ಸರ್ ಇರುತ್ತದೆ, ನಾವು ಅದನ್ನು ಕಣ್ಣು ಅಂತೇವೆ. ಒಂದರಿಂದ ಹೊರಟ ಬೆಳಕು ಇನ್ನೊಂದಕ್ಕೆ ಮುಟ್ಟದಿದ್ದರೆ ಮಧ್ಯೆ ಯಾರೋ ನಿಂತಿದ್ದಾರೆ ಅಂತ ಅರ್ಥ. ಗೇಟು ಮುಚ್ಚುವುದಿಲ್ಲ, ಮುಚ್ಚುತ್ತಿದ್ದರೂ ವಾಪಸ್ಸು ತೆರೆಯುತ್ತದೆ. ಎಸ್ಎಸ್ಎಲ್‌ಸಿ ಮುಗಿಸದ ನನ್ನ ಅಕ್ಕ ಅದನ್ನು ಬರೀ ನೋಡಿಯೇ ಕಂಡುಹಿಡಿದಿದ್ದಳು. ಇವತ್ತು ನೆನೆಸಿಕೊಂಡರೆ ಅವಳ ಬುದ್ಧಿಗೆ ಕೈಮುಗಿಯಬೇಕು ಅನ್ನಿಸುತ್ತದೆ. ಅವತ್ತು ಹಲ್ಲು ಕಡಿದೆ.

ಸಗಣಿ ತೊಳೆದರೆ ನಾಳೆ ಮತ್ತೆ ಮೆತ್ತುತ್ತಾಳೆ. ಅದೂ ಅಲ್ಲದೆ ಮಂಜು ದಟ್ಟವಾದ ದಿನ ಆ ಕಣ್ಣು ಹೇಗೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಎಷ್ಟೋ ಮನೆಗಳಲ್ಲಿ ನಮ್ಮ ಕಸುಬಿನವರು ಒಂದು ತುಂಡು ವೈರ್ ಕೊಟ್ಟು ಅದನ್ನು ತಪ್ಪಿಸಿಬಿಟ್ಟಿರುತ್ತಾರೆ. ಕಣ್ಣು ನೋಡಲಿ ಬಿಡಲಿ, ಎಲ್ಲ ಸರಿಯಿದೆ ಅಂತ ಮೋಟರ್ ಅಂದುಕೊಳ್ಳುತ್ತದೆ. ಮಾಡಬಾರದು ಅಂತ ಎಲ್ಲರಿಗೂ ಗೊತ್ತು. ನಾನೂ ಎರಡು ಬೆರಳುದ್ದದ ವೈರ್ ಕೊಟ್ಟು ಸ್ಕ್ರೂ ಬಿಗಿದೆ. ಅಲ್ಲಿಂದ ಸೀದಾ ಅಕ್ಕನ ಮನೆಗೇ ಹೋಗಿ, ಇನ್ನು ಸಗಣಿಯಲ್ಲ, ಇಡೀ ಎಮ್ಮೆಯನ್ನೇ ತಂದು ನಿಲ್ಲಿಸಿದರೂ ಗೇಟು ಕ್ಯಾರೇ ಅನ್ನಲ್ಲ ಅಂದೆ. ಅವಳು ಕುಕ್ಕೆ ಹೆಣೆಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು:

"ಮನುಷ್ಯರು ನಿಂತರೆ?"

ನಾನು ಬೈಕ್ ಹತ್ತಿದೆ.

ಅದಾದ ಮೇಲೆ ಉಳಿದದ್ದು ಕೀಲಿ ಒಂದೇ. ಕರೆಂಟು ಹೋದಾಗ ಗೇಟನ್ನು ಕೈಯಿಂದ ತಳ್ಳಬೇಕಲ್ಲ, ಅದಕ್ಕೆ ಮೋಟರಿನ ಮೈಯಲ್ಲೇ ಒಂದು ಕೀಲಿ ಇರುತ್ತದೆ. ತಿರುಗಿಸಿದರೆ ಗೇಟು ಮೋಟರಿನಿಂದ ಬಿಡುಗಡೆಯಾಗುತ್ತದೆ. ಕೊಡಗಿನ ಕರೆಂಟಿನ ಭರವಸೆ ಎಲ್ಲರಿಗೂ ಗೊತ್ತಿರುವುದರಿಂದ ಕೀಲಿಯನ್ನು ಯಾರೂ ತೆಗೆಯುವುದಿಲ್ಲ, ಅಲ್ಲೇ ಬಿಟ್ಟಿರುತ್ತಾರೆ. ಅಕ್ಕ ಗೇಟಿನ ಸರಳಿನ ಸಂದಿಯಲ್ಲಿ ಕೈ ತೂರಿಸಿ ಅದನ್ನು ತಿರುಗಿಸಿ, ನಾಲ್ವರೂ ಸೇರಿ ಗೇಟು ತಳ್ಳಿಟ್ಟು ಕೆಲಸಕ್ಕೆ ಹೋಗಿದ್ದರು. ಸಾಹುಕಾರರ ಫೋನಿನಲ್ಲಿ ಈ ಸಲ ಬೈಗುಳವೂ ಇರಲಿಲ್ಲ. ನಾಳೆ ಬೆಳಗ್ಗೆ ನಾನು ಹೊರಡುವ ಮುಂಚೆ ಬಾ, ಇದೇ ಕೊನೆ ಅಂದರು.

ಕಣ್ಣಿಗೆ ಬಟ್ಟೆ ಕಟ್ಟಿದ ಹಾಗೆ ಮಂಜು ಕವಿದಿದ್ದ ಬೆಳಗು. ಆರೂವರೆಗೆಲ್ಲ ಹೋದೆ. ಕೀಲಿ ಕಿತ್ತು ಸಾಹುಕಾರರ ಕೈಗೆ ಕೊಟ್ಟೆ, ಅವರು ತಮ್ಮ ಕಾರಿನ ಕೀಗೊಂಚಲಿಗೆ ಸೇರಿಸಿಕೊಂಡರು. ಇದ್ದಬದ್ದ ರಿಮೋಟುಗಳನ್ನೆಲ್ಲ ಅಳಿಸಿ ಅವರದೊಂದನ್ನೇ ಉಳಿಸಬೇಕು ಅಂದರು. ಪರೀಕ್ಷೆಗೆ ಅಂತ ನನ್ನ ಬಳಿ ಇಟ್ಟುಕೊಂಡಿದ್ದ ರಿಮೋಟನ್ನೂ ಅಳಿಸಿದೆ. ಮನೆಯೊಳಗಿನ ಗೋಡೆಯ ಸ್ವಿಚ್ಚೊಂದು ಇತ್ತು, ನಾನು ಹೊರಡುವಾಗ ಅಡುಗೆಯವಳು ಒತ್ತುತ್ತಾಳೆ ಅಂತ ಮಾತಾಯಿತು. ಏಳೂಕಾಲಿಗೆ ಸಾಹುಕಾರರು ಕಾರು ಇಳಿಸಿಕೊಂಡು ಹೋದರು. ನಾನು ಏರಿನ ಅರ್ಧದಲ್ಲಿ ಚೀಲಕ್ಕೆ ಸಾಮಾನು ತುಂಬುತ್ತಿದ್ದೆ. ಕಾರಿನ ಸದ್ದು ದೂರವಾಯಿತು. ಇಪ್ಪತ್ತು ಸೆಕೆಂಡಿಗೆ ಸರಿಯಾಗಿ ಗೇಟು ಮುಚ್ಚಲು ಹೊರಟಿತು, ನನಗೆ ಅದನ್ನು ನೋಡಿ ಸಮಾಧಾನವಾಯಿತು.

ಆಗ ರಸ್ತೆಯಲ್ಲಿ ಓಡಿಬರುವ ಕಾಲುಗಳ ಸದ್ದು. ಕೂಗಿಲ್ಲ, ಬರೀ ಕಾಲಿನ ಸದ್ದು. ಈ ಕಡೆಯ ಹೆಂಗಸರು ಕೂಗದೆ ಓಡುತ್ತಿದ್ದಾರೆ ಅಂದರೆ ಹಿಂದೆ ಏನಿದೆ ಅಂತ ಕೇಳಬೇಕಾಗಿಲ್ಲ. ಗೇಟು ಮುಕ್ಕಾಲು ಮುಚ್ಚಿತ್ತು. ಒಬ್ಬಳು ಅಡ್ಡಡ್ಡವಾಗಿ ನುಗ್ಗಿದಳು. ಗೇಟು ನಿಲ್ಲಲಿಲ್ಲ. ಇನ್ನೊಬ್ಬಳು ನುಗ್ಗಿದಳು, ಅವಳ ಸೆರಗು ಸಿಕ್ಕಿ ಹರಿಯಿತು. ಮೂರನೆಯವಳನ್ನು ಹಿಂದಿನಿಂದ ಯಾರೋ ದೂಡಿದರು, ಅವಳು ಒಳಗೆ ಮುಗ್ಗರಿಸಿ ಬಿದ್ದಳು. ದೂಡಿದವಳು ಅಕ್ಕ. ಎಲ್ಲರನ್ನೂ ಮುಂದೆ ಬಿಟ್ಟು ತಾನು ಕೊನೆಗೆ ಬರುವುದು ಅವಳ ಹುಟ್ಟುಗುಣ. ಅವಳಿಗೆ ಉಳಿದದ್ದು ಒಂದು ಗೇಣು ಜಾಗ. ಗೇಟನ್ನು ತಡೆಯೋಣ ಅಂತ ಬಲಗೈ ಕೊಟ್ಟಳು.

ಗೇಟು ಅವಳ ಕೈಯನ್ನು ಕಂಬಕ್ಕೆ ಒತ್ತಿ ಹಿಡಿದು, ಒಂದು ಕ್ಷಣ ಗುಂಯ್ ಅಂದು, ಹಾಗೇ ನಿಂತುಬಿಟ್ಟಿತು. ಅವಳು ಹೊರಗೆ, ಕೈ ಒಳಗೆ.

ಓಡಿಬಂದೆ. ಎರಡೂ ಕೈಯಲ್ಲಿ ಗೇಟು ಹಿಡಿದು ಎಳೆದೆ. ಮೋಟರ್ ಹಲ್ಲು ಕಚ್ಚಿ ಕೂತ ಮೇಲೆ ಹತ್ತು ಜನ ಎಳೆದರೂ ಅದು ಬರುವುದಿಲ್ಲ, ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೀಲಿ ಸಾಹುಕಾರರ ಜೊತೆ ವಿರಾಜಪೇಟೆಗೆ ಹೊರಟಿತ್ತು. ರಿಮೋಟು ನನ್ನ ಕೈಯಾರೆ ಅಳಿಸಿದ್ದೆ. ಸ್ವಿಚ್ಚು ಮೇಲೆ ಮನೆಯೊಳಗೆ, ಅಡುಗೆಯವಳನ್ನು ಕೂಗುವ ಹಾಗಿಲ್ಲ. ಯಾಕೆಂದರೆ ಅಷ್ಟರಲ್ಲಿ ತಿರುವಿನಲ್ಲಿ ಮಂಜು ಕಪ್ಪಗಾಯಿತು, ಹೆಣ್ಣಾನೆ ಕಾಣಿಸಿತು, ಅದರ ಹೊಟ್ಟೆಯಡಿ ಮರಿ.

ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಮೋಟರಿನ ಮುಂದೆ ಕೂತೆ. ಮುಚ್ಚಳಕ್ಕೆ ನಾಲ್ಕು ಸ್ಕ್ರೂ. ಇಬ್ಬನಿಗೆ ಒದ್ದೆಯಾಗಿ ಸ್ಕ್ರೂಡ್ರೈವರ್ ಜಾರುತ್ತಿತ್ತು. ಒಳಗಿದ್ದ ಮೂವರೂ ಗೋಡೆಗೆ ಒರಗಿ ಸೆರಗು ಬಾಯಿಗೆ ತುರುಕಿಕೊಂಡಿದ್ದರು. ಅಕ್ಕ ಗೇಟಿನ ಸರಳಿಗೆ ಕೆನ್ನೆ ಒತ್ತಿ ನಿಂತಿದ್ದಳು. ಅವಳ ಮುಖ ನನ್ನಿಂದ ಒಂದು ಮಾರು ದೂರ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿಂದ ಒಂದು ಸದ್ದೂ ಬರಲಿಲ್ಲ. ನಾಲ್ಕನೇ ಸ್ಕ್ರೂ ಬಿಚ್ಚಿ ಮುಚ್ಚಳ ಕೆಳಗಿಟ್ಟೆ. ಒಳಗೆ ವೈರಿನ ಎರಡು ತುದಿಗಳನ್ನು ಸ್ಕ್ರೂಡ್ರೈವರಿನಲ್ಲಿ ಸೇರಿಸಿದರೆ ಗೇಟು ತೆರೆಯುತ್ತದೆ. ಸ್ಕ್ರೂಡ್ರೈವರ್ ಮುಂದಿಟ್ಟೆ. ಅಕ್ಕ ತಲೆಯಾಡಿಸಿದಳು. ಬೇಡ ಅಂತ.

ಅವಳು ಮಾಡಿದ್ದು ಸರಿ. ಆ ಹಳೇ ಗೇಟು ಸರಿಯುವಾಗ ಕಿರುಚುತ್ತದೆ. ಮರಿಯಿರುವ ಆನೆ ಹತ್ತು ಹೆಜ್ಜೆ ದೂರದಲ್ಲಿರುವಾಗ ಗೇಟು ಕಿರುಚಿದರೆ ಏನಾಗುತ್ತದೆ ಅಂತ ಅವಳು ಆ ನೋವಿನಲ್ಲೂ ಲೆಕ್ಕ ಹಾಕಿದ್ದಳು. ಹಾಗಾಗಿ ನಾನು ತುದಿಗಳ ಮೇಲೆ ಸ್ಕ್ರೂಡ್ರೈವರ್ ಹಿಡಿದುಕೊಂಡು, ಮುಟ್ಟಿಸದೆ, ನನ್ನ ಅಕ್ಕನ ಕೈ ನನ್ನ ಕಣ್ಣೆದುರೇ ಜಜ್ಜಿಹೋಗುತ್ತಿರುವುದನ್ನು ನೋಡುತ್ತ ಕೂತೆ. ಆನೆ ಬಂತು. ಗೇಟಿನ ಮುಂದೆ ನಿಂತಿತು. ಸೊಂಡಿಲು ಎತ್ತಿ ಅಕ್ಕನ ತಲೆಗೆ ಕಟ್ಟಿದ್ದ ಬಟ್ಟೆಯ ಹತ್ತಿರ ಗಾಳಿ ಮೂಸಿತು. ಆಮೇಲೆ ಮರಿಯನ್ನು ಬರೆಯ ಕಡೆಗೆ ಹಾಕಿಕೊಂಡು, ಅವಸರವಿಲ್ಲದೆ, ನಡೆದುಹೋಯಿತು. ಅದು ಮುಂದಿನ ತಿರುವು ದಾಟುವವರೆಗೆ ಅವಳು ತಲೆಯಾಡಿಸುತ್ತಲೇ ಇದ್ದಳು, ನಾನು ಕಾಯುತ್ತಲೇ ಇದ್ದೆ.

ಗೇಟು ತೆರೆದ ಮೇಲೆ ಅವಳು ಅಲ್ಲೇ ಕುಸಿದು ಕೂತಳು. ನಾನು ಏನೋ ಹೇಳಲು ಹೋದೆ. ಅವಳು ಇನ್ನೊಂದು ಕೈಯಿಂದ ನನ್ನನ್ನು ದೂರ ತಳ್ಳಿದಳು. ಆ ಮೂವರಲ್ಲಿ ಒಬ್ಬಳು ನನ್ನ ಕಡೆ ಉಗಿದಳು, ನನ್ನ ಮೇಲಲ್ಲ, ಕಾಲಿನ ಹತ್ತಿರ. ಸೆರಗು ಹರಿದವಳು ಅದೇ ಸೆರಗಿನಿಂದ ಕೈ ಸುತ್ತಿದಳು, ಅದರ ಮೇಲೆ ನನ್ನ ಟವೆಲ್ ಸುತ್ತಿದೆವು. ದಾರಿಯಲ್ಲಿ ಬಂದ ಜೀಪಿಗೆ ಅವಳನ್ನು ಹತ್ತಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆವು.

ಡಾಕ್ಟರ್ ಇನ್ನೂ ಬಂದಿರಲಿಲ್ಲ. ಅಡುಗೆಯವಳು ಫೋನ್ ಮಾಡಿದ್ದಿರಬೇಕು, ಸಾಹುಕಾರರೇ ಮೊದಲು ಬಂದರು. ಅಕ್ಕನ ಹತ್ತಿರ ಹೋಗಲಿಲ್ಲ, ನನ್ನ ಹೆಗಲ ಮೇಲೆ ಕೈಹಾಕಿ ಹೊರಗೆ ಕರೆದುಕೊಂಡು ಹೋದರು. ಅಷ್ಟು ದಿನದಲ್ಲಿ ಮೊದಲ ಸಲ ಮೆತ್ತಗೆ ಮಾತಾಡಿದರು. ಆನೆ ಅಟ್ಟಿಸಿಕೊಂಡು ಬಂತು, ಓಡುವಾಗ ಬಿದ್ದು ಕೈ ಜಜ್ಜಿತು ಅಂತ ಬರೆಸಿದರೆ ಅರಣ್ಯ ಇಲಾಖೆಯಿಂದ ಪರಿಹಾರ ಸಿಗುತ್ತದೆ. ಗೇಟು ಅಂತ ಬರೆಸಿದರೆ ಪೊಲೀಸು, ಕೇಸು. ಕೇಸಾದರೆ ಮೋಟರ್ ಬಿಚ್ಚಿ ನೋಡುತ್ತಾರೆ. ನೋಡಿದರೆ ಅದರಲ್ಲಿ ಏನು ಸಿಗುತ್ತದೆ ಅಂತ ನಿನಗೇ ಗೊತ್ತಲ್ಲ ಅಂದರು. ಗೊತ್ತಿತ್ತು. ಮಾಡು ಅಂದವರು ಅವರು, ಮಾಡಿದ ಕೈ ನನ್ನದು.

ಅವರು ಹೇಳಿದ್ದರಲ್ಲಿ ಸುಳ್ಳೇನಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಆನೆ ಬಂದದ್ದು ನಿಜ. ಅದು ಬಾರದಿದ್ದರೆ ಅವಳು ಓಡುತ್ತಿರಲಿಲ್ಲ. ಅಕ್ಕನಿಗೆ ಪರಿಹಾರ ಬಂದರೆ ಒಳ್ಳೆಯದೇ ತಾನೆ? ಹೀಗೆ ಅವಳ ಹೆಸರು ಹೇಳಿಕೊಂಡು ನನ್ನ ತಲೆ ಉಳಿಸಿಕೊಳ್ಳಲು ನನಗೆ ಐದು ನಿಮಿಷವೂ ಬೇಕಾಗಲಿಲ್ಲ. ಒಳಗೆ ಹೋದಾಗ ಡಾಕ್ಟರ್ ಬಂದಿದ್ದರು, ಇಪ್ಪತ್ತೇಳು ಇಪ್ಪತ್ತೆಂಟರ ಹೆಣ್ಣುಮಗಳು. ರಿಜಿಸ್ಟರ್ ತೆರೆದು ಹೇಗಾಯಿತು ಅಂತ ಕೇಳಿದರು. ಅಕ್ಕ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು. ಬಾಗಿಲಲ್ಲಿ ಸಾಹುಕಾರರು ನಿಂತಿದ್ದರು.

ಆನೆ ಅಟ್ಟಿಸಿಕೊಂಡು ಬಂತು ಡಾಕ್ಟ್ರೆ, ಓಡುವಾಗ ಬಿದ್ದುಬಿಟ್ಟಳು ಅಂದೆ. ಡಾಕ್ಟರ್ ಪೆನ್ನು ಊರಿದರು.

ಅಕ್ಕ ಕಣ್ಣು ತೆರೆದಳು.

"ಸುಳ್ಳು ಬರೀಬೇಡಿ," ಅಂದಳು. "ಆನೆ ನನ್ನನ್ನ ಮುಟ್ಟಲಿಲ್ಲ. ಗೇಟು ಹಿಡ್ಕಂತು. ಹಿಡಿಯೋ ಹಂಗೆ ಅದನ್ನ ಮಾಡಿಟ್ಟವನು ಇವನೇ. ನನ್ನ ತಮ್ಮ."

ಸಾಹುಕಾರರು ಏನೋ ಹೇಳಹೊರಟರು. ಡಾಕ್ಟರ್ ಕೈ ತೋರಿಸಿ ಅವರನ್ನು ಸುಮ್ಮನಾಗಿಸಿ, ನನ್ನ ಕಡೆ ತಿರುಗಿ, ಇದು ನಿಜವಾ ಅಂತ ಕೇಳಿದರು. ನಿಜ ಅಂದೆ. ಬಲ ಏರಿಸಿದ್ದು, ಕಣ್ಣು ತಪ್ಪಿಸಿದ್ದು, ಕೀಲಿ ಕಿತ್ತುಕೊಟ್ಟದ್ದು ಎಲ್ಲ ಹೇಳಿದೆ, ಮಾಡಿಸಿದವರು ಬಾಗಿಲಲ್ಲೇ ನಿಂತಿದ್ದಾರೆ ಅಂತಲೂ ಹೇಳಿದೆ. ತಿರುಗಿ ನೋಡಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ. ಡಾಕ್ಟರ್ ಎಲ್ಲವನ್ನೂ ಬರೆದುಕೊಂಡರು. ಆಮೇಲೆ ಅಕ್ಕನನ್ನು, ಯಾವ ಕೈಯಲ್ಲಿ ಕೆಲಸ ಮಾಡೋದಮ್ಮ ಅಂತ ಕೇಳಿದರು.

"ಒಂದರಲ್ಲಿ ಕೊಂಬೆ ಬಗ್ಗಿಸಬೇಕು, ಇದರಲ್ಲಿ ಹಣ್ಣು ಬಿಡಿಸಬೇಕು," ಅಂದಳು ಅಕ್ಕ. "ಎರಡೂ ಬೇಕು ಡಾಕ್ಟ್ರೆ."

ಡಾಕ್ಟರ್ ನರ್ಸನ್ನು ಕರೆದರು. ಅವಳ ಎರಡು ಬೆರಳುಗಳನ್ನು ಅವತ್ತು ಮಧ್ಯಾಹ್ನವೇ ಮಡಿಕೇರಿಯಲ್ಲಿ ತೆಗೆಯಬೇಕಾಯಿತು, ಆದರೆ ಆ ಹೊತ್ತಿನಲ್ಲಿ ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ನರ್ಸ್ ಬಂದು ಟವೆಲ್ ಬಿಚ್ಚಿದಳು. ಅದರ ಕೆಳಗಿನ ಸೆರಗಿನ ತುಂಡು ರಕ್ತಕ್ಕೆ ಅಂಟಿಕೊಂಡಿತ್ತು, ನೀರು ಹಾಕಿ ನಿಧಾನಕ್ಕೆ ಬಿಡಿಸತೊಡಗಿದಳು. ನಾನು ಗೋಡೆಯ ಕಡೆ ಮುಖ ತಿರುಗಿಸಿದೆ.

"ಅಲ್ಲೇನು ನೋಡ್ತೀಯ?" ಅಂದಳು ಅಕ್ಕ. "ಇಲ್ಲಿ ನೋಡ್ಲಾ."

ನೋಡಿದೆ.